ಕೈ ಹಿಡಿದು ಕೂತ ಉಸ್ತಾದರಿಗೆ

ಹೋದ ವಾರ ಒಂದು ಕಾರಿಗೆ ಪೂರ್ತಿ ಸನ್ ಫಿಲ್ಮ್ ನಾನೇ ಹಾಕಿದೆ. ಹಿಂದಿನ ದೊಡ್ಡ ಗ್ಲಾಸೂ ಸೇರಿ. ಹುಡುಗರು ಪಕ್ಕದಲ್ಲೇ ಇದ್ದರು, ಯಾರೂ ಕೈ ಹಾಕಲಿಲ್ಲ. ರಂಜಾನ್ ತಿಂಗಳಲ್ಲಿ ನನ್ನ ಬಲಗೈಗೆ ಏನಾಯ್ತು, ಯಾವ ನರ ಕತ್ತರಿಸಿತು, ಆಪರೇಶನ್ ಹೇಗಾಯ್ತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯೋಕೆ ಮನಸ್ಸಿಲ್ಲ. ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು, ಅದಕ್ಕೇ ಕೂತೆ.

ಆಸ್ಪತ್ರೆಗೆ ಬಂದು ಹೋದ ಸ್ನೇಹಿತರು, ಆ ತಿಂಗಳ ಚೀಟಿಯನ್ನು ಕೂಗದೆ ನನಗೇ ಬಿಟ್ಟುಕೊಟ್ಟ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯವರು, ಬಾಡಿಗೆ ಕೇಳದೆ ಕಾದ ಬಿಲ್ಡಿಂಗ್ ಓನರ್, ನಾವು ಹೇಳಿದ ದಿನಕ್ಕೆ ಕೆಲಸ ಆಗದಿದ್ದರೂ ಕಾರನ್ನು ಬೇರೆ ಕಡೆ ಒಯ್ಯದ ಗಿರಾಕಿಗಳು, ಬೆರಳು ಬಗ್ಗೋವರೆಗೂ ಬಿಡದ ಫಿಸಿಯೋ ಮೇಡಂ, ನಿಮಗೆಲ್ಲ ನಾನು ಋಣಿ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಉಳಿದದ್ದೆಲ್ಲ ನನಗೆ ಈ ಕೆಲಸ ಕಲಿಸಿದ ಉಸ್ತಾದರ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ. ರೋಡಿನವರಿಗೆ ಹೆಸರು ಬೇಕಾಗಿಲ್ಲ. ಉಸ್ತಾದ್ ಅಂದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ.

ನಮ್ಮ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ಫಿಲ್ಮ್ ಹಾಕೋದು ಕಣ್ಣಿನ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧಕ್ಕಿಂತ ಜಾಸ್ತಿ ಬೆರಳ ತುದಿಯ ಕೆಲಸ ಅದು. ಹಿಂದಿನ ಗ್ಲಾಸು ಬಾಗಿರುತ್ತದೆ, ಫಿಲ್ಮು ಚಪ್ಪಟೆ. ಮೊದಲು ಅದನ್ನು ಹೊರಗಡೆಯಿಂದ ಗ್ಲಾಸಿನ ಮೇಲೆ ಹರಡಿ, ಎದ್ದ ಮಡಿಕೆಗಳನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸರಿಸಿ, ಹೀಟ್ ಗನ್ನಿನಿಂದ ಒಂದೊಂದಾಗಿ ಕುಗ್ಗಿಸಬೇಕು. ಬಿಸಿ ಕಮ್ಮಿಯಾದರೆ ಮಡಿಕೆ ಕೂರುವುದಿಲ್ಲ. ಜಾಸ್ತಿಯಾದರೆ ಫಿಲ್ಮ್ ಸುಕ್ಕುಗಟ್ಟಿ ಹಾಳು, ಗ್ಲಾಸೇ ಬಿರುಕು ಬಿಡಬಹುದು. ಆಮೇಲೆ ಅಂಚು ಕತ್ತರಿಸಬೇಕು, ಬ್ಲೇಡಿನ ಗೀರು ಗ್ಲಾಸಿಗೆ ತಾಗಬಾರದು. ಕೊನೆಗೆ ಒಳಗಡೆ ಶಾಂಪೂ ನೀರು ಹೊಡೆದು, ಹಿಂದಿನ ಹಾಳೆ ಬಿಡಿಸಿ, ಫಿಲ್ಮ್ ಕೂರಿಸಿ, ಮಧ್ಯದಿಂದ ಅಂಚಿನ ಕಡೆಗೆ ನೀರು ತಳ್ಳಬೇಕು. ಒಂದು ಕಣ ಧೂಳು ಉಳಿದರೂ ಅಲ್ಲಿ ಗುಳ್ಳೆ. ಆ ಕಣ ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ತಾಗಬೇಕು. ನನಗೆ ಇದನ್ನು ಕಲಿಸಿದವರು ಉಸ್ತಾದರು. ಕಣ್ಣು ಮುಚ್ಚಿಸಿ, ತೊಳೆದ ಗ್ಲಾಸಿನ ಮೇಲೆ ಕೈ ಆಡಿಸಲು ಹೇಳುತ್ತಿದ್ದರು. ಎಲ್ಲಿ ಏನಿದೆ ಅಂತ ಹೇಳೋವರೆಗೂ ಕಣ್ಣು ತೆರೆಯಲು ಬಿಡುತ್ತಿರಲಿಲ್ಲ.

ಅಂಥ ಕೈ ಅದು.

ಆಪರೇಶನ್ ಆದ ಮಾರನೇ ರಾತ್ರಿ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಇರಲು ಬಿಡುತ್ತೇವೆ ಅಂದರು. ಮನೆಯಲ್ಲಿ ಮಗುವಿಗೆ ಜ್ವರ. ಅಣ್ಣ ಊರಿಂದ ಇನ್ನೂ ದಾರಿಯಲ್ಲಿದ್ದ. ಉಸ್ತಾದರು ತಾವೇ ಇರುತ್ತೇನೆ ಅಂದರು. ಅರವತ್ತು ದಾಟಿದವರು, ಬೆಳಗಿನಿಂದ ರೋಜಾ ಉಪವಾಸ ಇದ್ದವರು. ನಾವು ಬೇಡ ಅಂದರೂ ಕೇಳಲಿಲ್ಲ.

ಕೈಯನ್ನು ಎದೆಗಿಂತ ಎತ್ತರದಲ್ಲಿ ಇಡಿ, ಕೆಳಗಿಳಿದರೆ ಊದಿಕೊಳ್ಳುತ್ತದೆ ಅಂತ ನರ್ಸ್ ಹೇಳಿ ದಿಂಬು ಕೊಟ್ಟು ಹೋಗಿದ್ದರು. ನಿದ್ದೆ ಹತ್ತಿದ ಕೂಡಲೇ ಕೈ ಜಾರೋದು, ಜಾರಿದ ಕೂಡಲೇ ನೋವಿಗೆ ಎಚ್ಚರ ಆಗೋದು. ಸ್ವಲ್ಪ ಹೊತ್ತು ನೋಡಿದರು ಉಸ್ತಾದರು. ಆಮೇಲೆ ಸ್ಟೂಲ್ ಹತ್ತಿರ ಎಳೆದುಕೊಂಡು ನನ್ನ ಮೊಣಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಅವರ ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸೋರು. ಇಡೀ ರಾತ್ರಿ ಹಾಗೇ. ನಡುವೆ ಸಹರಿಯ ಹೊತ್ತಿಗೆ, ಅಂದರೆ ಬೆಳಗಾಗೋ ಮುಂಚೆ ರೋಜಾದವರು ಊಟ ಮಾಡೋ ಹೊತ್ತಿಗೆ, ಪಕ್ಕದ ಬೆಡ್ಡಿನವರ ಮಗನನ್ನು ಕರೆದು, ಐದು ನಿಮಿಷ ಇದನ್ನು ಹಿಡಿದುಕೋಪ್ಪಾ ಅಂತ ಕೇಳಿಕೊಂಡು, ಕಾರಿಡಾರಿನಲ್ಲಿ ಬಾಳೆಹಣ್ಣು ತಿಂದು, ನೀರು ಕುಡಿದು ಬಂದರು.

ಅದಕ್ಕೂ ಮುಂಚೆ, ನಡುರಾತ್ರಿ ದಾಟಿದ ಮೇಲೆ, ನಾನು ಅತ್ತುಬಿಟ್ಟೆ. ಬೆರಳು ಅಲ್ಲೇ ಇದೆ, ಕಾಣುತ್ತಿದೆ, ಆದರೆ ನನ್ನದು ಅನ್ನಿಸುತ್ತಿಲ್ಲ. ಡಾಕ್ಟರು ಸ್ಪರ್ಶ ಬರಬಹುದು, ತಿಂಗಳುಗಳೇ ಹಿಡಿಯಬಹುದು ಅಂದಿದ್ದರು. ನನಗೆ ಆ 'ಬಹುದು' ಮಾತ್ರ ಕೇಳಿಸಿತ್ತು. ಉಸ್ತಾದ್, ಶಾಪ್ ಮಾರಿಬಿಡೋಣ, ನನ್ನ ಕೈ ಹೋಯ್ತು ಅಂದೆ. ಬಾಯಿ ಬಿಟ್ಟು ಅತ್ತೆ. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಎಲ್ಲ ಸರಿ ಹೋಗುತ್ತೆ ಅಂತ ಅವರು ಹೇಳಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಬೇರೆ ಎಲ್ಲರೂ ಪ್ರೀತಿಯಿಂದಲೇ ಹಾಗೆ ಹೇಳಿದ್ದರು, ಆದರೆ ಯಾರಿಗೂ ಗೊತ್ತಿರಲಿಲ್ಲ ಅಲ್ವಾ? ಉಸ್ತಾದರು ಸ್ವಲ್ಪ ಹೊತ್ತು ಸುಮ್ನಿದ್ದು, "ಬೇಟಾ, 2012 ನೆನಪಿದೆಯಾ?" ಅಂದರು.

ನೆನಪಿಲ್ಲದೆ ಇರುತ್ತದಾ. ಆ ವರ್ಷ ಏಪ್ರಿಲ್ 27ಕ್ಕೆ ಸುಪ್ರೀಂ ಕೋರ್ಟಿನ ಆದೇಶ ಬಂತು. ಕಾರಿನ ಗ್ಲಾಸಿಗೆ ಕಪ್ಪು ಫಿಲ್ಮ್ ಅಂತಲ್ಲ, ಎಷ್ಟೇ ಪರ್ಸೆಂಟ್ ಬೆಳಕು ಬಿಡುವ ಫಿಲ್ಮಾದರೂ ಹಾಕೋ ಹಾಗಿಲ್ಲ ಅಂದರು. ಮೇ 4ರಿಂದ ಜಾರಿ. ಬೇಸಿಗೆ, ನಮ್ಮ ಸೀಸನ್. ರೋಲುಗಳು ಗೋಡೆಗೆ ಒರಗಿ ನಿಂತಿದ್ದವು, ಸಾಲ ತಂದು ಹಾಕಿದ್ದ ಮಾಲು. ಆಗ ನಾನು ಅವರ ಶಾಪಿನ ಹುಡುಗ. ರೋಡಿನಲ್ಲಿ ಎಷ್ಟೋ ಹುಡುಗರು ಊರಿಗೆ ಹೋದರು, ಕೆಲವರು ಆಟೋ ಹಿಡಿದರು. ಉಸ್ತಾದರು ನಮ್ಮಲ್ಲಿ ಒಬ್ಬರನ್ನೂ ಕಳಿಸಲಿಲ್ಲ. ಹಾಕಿದವರೇ ಕೀಳೋಣ ಅಂದರು. ಜನ ಪೊಲೀಸರು ಹಿಡಿಯುವ ಮೊದಲು ಕೀಳಿಸಲು ಬರುತ್ತಿದ್ದರು. ಹಿಂದಿನ ಗ್ಲಾಸಿನಲ್ಲಿ ಮಂಜು ಕರಗಿಸುವ ಡಿಫಾಗರ್ ಗೆರೆಗಳಿರುತ್ತವೆ, ಬ್ಲೇಡ್ ಹಾಕಿ ಎಳೆದರೆ ಗೆರೆ ಕಿತ್ತು ಬರುತ್ತದೆ. ಬಿಸಿ ಮಾಡಿ, ಮೂಲೆ ಎಬ್ಬಿಸಿ, ನಿಧಾನಕ್ಕೆ ಬಿಡಿಸೋದನ್ನು ನಾವು ಆಗ ಕಲಿತೆವು. ನಾವೇ ಅಂಟಿಸಿದ್ದನ್ನು ನಾವೇ ಕಿತ್ತು ಹೊಟ್ಟೆ ತುಂಬಿಸಿಕೊಂಡೆವು. ಆಮೇಲೆ ಸೀಟ್ ಕವರ್, ಮ್ಯಾಟಿಂಗ್, ಕಿಟಕಿಗೆ ಸಿಗಿಸುವ ಜಾಲರಿ ಪರದೆ, ಸಿಕ್ಕಿದ್ದೆಲ್ಲ ಮಾಡಿದೆವು.

"ಆಗ ಕೈ ಇತ್ತು, ಕೆಲಸ ಇರಲಿಲ್ಲ. ಈಗ ಕೆಲಸ ಇದೆ, ಕೈ ಬರಬೇಕು. ಬರೋವರೆಗೂ ಶಾಪ್ ನಾನು ನೋಡ್ತೀನಿ" ಅಂದರು. ಅಷ್ಟೇ. ಮೊಣಕೈ ಅವರ ಅಂಗೈಯಲ್ಲೇ ಇತ್ತು.

ಹಾಗೇ ನೋಡಿಕೊಂಡರು. ತಮ್ಮ ಶಾಪನ್ನು ಅಳಿಯನಿಗೆ ಬಿಟ್ಟು ದಿನಾ ಬೆಳಗ್ಗೆ ನನ್ನ ಶಾಪಿನ ಶಟರ್ ಎತ್ತಿದರು. ಈದ್ ದಿನ ಕೂಡ ನಮಾಜ್ ಮುಗಿಸಿ ಹೊಸ ಬಟ್ಟೆಯಲ್ಲೇ ಬಂದು, ಹುಡುಗರಿಗೆ ಕೆಲಸ ಹಚ್ಚಿ ಮನೆಗೆ ಹೋದರಂತೆ. ನಾನು ಶಾಪಿಗೆ ವಾಪಸ್ ಬಂದಾಗ ಅವರು ಕೈಗೆ ಕೊಟ್ಟದ್ದು ಒಂದು ಉದ್ದ ನೋಟ್‌ಬುಕ್. ಯಾವ ಕಾರು, ಯಾವ ಗ್ಲಾಸು, ಯಾವ ಫಿಲ್ಮು, ಎಷ್ಟು ದುಡ್ಡು, ಯಾರು ಬಾಕಿ, ಎಲ್ಲ ಇತ್ತು. ಪ್ರತಿ ಸಾಲಿನ ಕೊನೆಯಲ್ಲಿ, ಗ್ಲಾಸಿನಿಂದ ಎಷ್ಟು ಬೆಳಕು ಒಳಗೆ ಬರುತ್ತದೆ ಅಂತ ಅಳೆಯುವ ಮೀಟರಿನ ರೀಡಿಂಗ್, ಹಾಕೋ ಮುಂಚೆ ಒಂದು, ಹಾಕಿದ ಮೇಲೆ ಒಂದು. ಟೀ ಖರ್ಚಿನ ಕಾಲಮ್ಮಿನಲ್ಲಿ ಹುಡುಗರ ಟೀ ಬರೆದಿದ್ದರು, ತಮ್ಮದು ಬರೆದಿರಲಿಲ್ಲ.

ಆ ಎರಡು ರೀಡಿಂಗ್ ಬರೆಯೋದು ಅವರ ಹಠ. ಈಗ ಕಾನೂನು ಬದಲಾಗಿದೆ. 2021ರ ಏಪ್ರಿಲ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಲ್ಲಿ ಸೇಫ್ಟಿ ಗ್ಲೇಜಿಂಗ್‌ಗೆ, ಅಂದರೆ ಒಳಗಡೆ ಫಿಲ್ಮ್ ಅಂಟಿಸಿದ ಗ್ಲಾಸಿಗೂ, ಜಾಗ ಕೊಟ್ಟಿದ್ದಾರೆ. ಮುಂದೆ, ಹಿಂದೆ ಕಮ್ಮಿ ಅಂದರೂ 70 ಪರ್ಸೆಂಟ್, ಪಕ್ಕದಲ್ಲಿ 50 ಪರ್ಸೆಂಟ್ ಬೆಳಕು ಒಳಗೆ ಬರಬೇಕು. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಈ ಅಳತೆಯೊಳಗಿನ ಫಿಲ್ಮಿಗೆ ದಂಡ ಹಾಕೋ ಹಾಗಿಲ್ಲ ಅಂದಾಗ ನನಗೆ ಮೊದಲು ಫೋನ್ ಮಾಡಿದ್ದು ಉಸ್ತಾದರೇ. ಆ ದಿನ ಅವರ ದನಿಯೇ ಬೇರೆ ಇತ್ತು. ಆದರೆ ಕಂಪನಿಯಿಂದ ಬರುವ ಗ್ಲಾಸಿಗೇ ಸ್ವಲ್ಪ ಬಣ್ಣ ಇರುತ್ತದೆ. ಅದರ ಮೇಲೆ 50ರ ಫಿಲ್ಮ್ ಅಂಟಿಸಿದರೆ ಲೆಕ್ಕ 50ಕ್ಕಿಂತ ಕೆಳಗೆ ಬೀಳುತ್ತದೆ. ಬರೀ ಫಿಲ್ಮಿನ ಡಬ್ಬದ ಮೇಲಿನ ನಂಬರ್ ತೋರಿಸಿ ಗಿರಾಕಿಯನ್ನು ಕಳಿಸೋದು ಮೋಸ ಅಂತಾರೆ ಅವರು. ನನ್ನ ಶಾಪನ್ನೂ ಅದೇ ನಿಯತ್ತಿನಲ್ಲಿ ನಡೆಸಿದರು. ದುಡ್ಡಿಗಿಂತ ನನಗೆ ಇದು ದೊಡ್ಡದು.

ತೋರುಬೆರಳ ತುದಿಗೆ ಇನ್ನೂ ಸ್ಪರ್ಶ ಪೂರ್ತಿ ಬಂದಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ, ಕೆಲವು ದಿನ ಅದರ ಯೋಚನೆಯಲ್ಲೇ ಬೆಳಗಾಗುತ್ತದೆ. ಧೂಳನ್ನು ಈಗ ಎಡಗೈಯಲ್ಲಿ ನೋಡುತ್ತೇನೆ. ಎಡಗೈಗೂ ಉಸ್ತಾದರೇ ಪಾಠ ಮಾಡಿದರು, ಮತ್ತೆ ಕಣ್ಣು ಮುಚ್ಚಿಸಿ, ಮೊದಲ ದಿನದ ಹಾಗೆ. ಹೋದ ವಾರದ ಕಾರನ್ನು ಅವರೇ ಪರೀಕ್ಷೆ ಮಾಡಿದರು. ಹಿಂದಿನ ಗ್ಲಾಸಿನ ಮೇಲಿನ ಮೂಲೆಯಲ್ಲಿ ಬೆರಳಿಟ್ಟು, "ಇಲ್ಲಿ ಇನ್ನೊಂದು ಸಲ ನೀರು ತಳ್ಳು" ಅಂದರು. ತಳ್ಳಿದೆ. ತಲೆ ಆಡಿಸಿದರು.

ಉಸ್ತಾದ್, ನೀವು ಇದನ್ನು ಓದುವುದಿಲ್ಲ, ನಿಮ್ಮ ಅಳಿಯ ಓದಿ ಹೇಳುತ್ತಾನೆ. ಆ ರಾತ್ರಿ ನಾನು ನಿಮಗೆ ಏನೂ ಹೇಳಲಿಲ್ಲ. ಶಾಪ್ ಉಳಿದದ್ದು ನಿಮ್ಮಿಂದ, ನಾನು ಉಳಿದದ್ದೂ ನಿಮ್ಮಿಂದ.

ಉಳಿದವರಿಗೆ: ಕೈಸಾಲ ಕೊಟ್ಟವರದ್ದೆಲ್ಲ ಬರೆದಿಟ್ಟಿದ್ದೇನೆ, ದೀಪಾವಳಿಯೊಳಗೆ ಒಬ್ಬೊಬ್ಬರಿಗೂ ನಾನೇ ಬಂದು ಕೊಡುತ್ತೇನೆ. ಹಿಂದಿನ ಗ್ಲಾಸಿನ ಕೆಲಸ ಸದ್ಯಕ್ಕೆ ಬೆಳಗ್ಗೆ ಮಾತ್ರ, ಮಧ್ಯಾಹ್ನದ ಮೇಲೆ ಕೈ ಬಿಗಿಯುತ್ತದೆ. ಫಿಲ್ಮ್ ಹಾಕಿಸಿದ ಮೇಲೆ ನಾಲ್ಕು ದಿನ ಗ್ಲಾಸ್ ಇಳಿಸಬೇಡಿ. ಸಂಜೆ ಬಂದರೆ ಉಸ್ತಾದರೂ ಸಿಗುತ್ತಾರೆ.