ಉಂಗುರ ಕಂಡ ಕೂಡಲೇ ಲೆಕ್ಕ ಬರೀಬೇಡ

ಮೈಸೂರು

ಪ್ರೀತಿಯ ಗೆಳೆಯಾ,

ನಿನ್ನ ಎಂ.ಎಸ್ಸಿ. ಹುಡುಗರು ಆಲ್ಮಾ ರೇಡಿಯೋ ದೂರದರ್ಶಕದ ಹಳೇ ದತ್ತಾಂಶ ಇಳಿಸಿಕೊಂಡು ಗುರುತ್ವ ಮಸೂರದ (ಅಡ್ಡ ನಿಂತ ಗೆಲಾಕ್ಸಿಯ ಗುರುತ್ವ ಹಿಂದಿನ ಗೆಲಾಕ್ಸಿಯ ಬೆಳಕನ್ನ ಬಗ್ಗಿಸಿ ಹಿಗ್ಗಿಸೋದು) ಮೇಲೆ ಪ್ರಾಜೆಕ್ಟ್ ಮಾಡ್ತಾರೆ ಅಂದೆಯಲ್ಲ, ಮಂಡ್ಯದಲ್ಲೇ ಕೂತು ಧಾರಾಳವಾಗಿ ಮಾಡಬಹುದು. ಎಡವೋ ಜಾಗಗಳನ್ನ ಮಾತ್ರ ಮೊದಲೇ ಹೇಳಿಬಿಡ್ತೀನಿ.

ಹಿಂದೆ ನಿಂತು ಹಿಗ್ಗಿ ಕಾಣೋದು ಧೂಳಿನ ಗೆಲಾಕ್ಸಿ. ಅದೇನು ಅಂದ್ರೆ ಅವರಿಗೆ ಆಲೆಮನೆ ತೋರಿಸು. ಗೋಡೆಯ ಈಚೆ ನಿಂತವನಿಗೆ ಒಲೆಯ ಉರಿ ಕಾಣದು, ಗೋಡೆಗೆ ಕೈಯಿಟ್ರೆ ಕಾವು ತಿಳಿಯುತ್ತೆ. ಹೊಸ ನಕ್ಷತ್ರಗಳ ನೇರಳಾತೀತ ಬೆಳಕನ್ನ ನುಂಗಿದ ಧೂಳು 30–40 ಕೆಲ್ವಿನ್‌ಗೆ ಕಾದು ದೂರದ ಅವಕೆಂಪಿನಲ್ಲಿ ಹೊಳೆಯುತ್ತೆ. ದೂರ ಹೋದಷ್ಟೂ ಮಂಕಾಗಬೇಕು ನಿಜ, ಆದ್ರೆ ಕೆಂಪುಪಲ್ಲಟದಿಂದ (ವಿಶ್ವ ಹಿಗ್ಗೋದ್ರಿಂದ ಬೆಳಕಿನ ತರಂಗ ಉದ್ದವಾಗೋದು; ದೂರ ಹೆಚ್ಚಿದಷ್ಟೂ ಇದೂ ಹೆಚ್ಚು) ಆ ಹೊಳಪಿನ ಶಿಖರ ನಾವು ನೋಡೋ ತರಂಗಪಟ್ಟಿಯತ್ತ ಜರುಗಿ ಬರೋದ್ರಿಂದ ನಷ್ಟ ತುಂಬಿಹೋಗುತ್ತೆ. ಹಾಗಾಗಿ 850 ಮೈಕ್ರಾನ್‌ನಲ್ಲಿ ಕೆಂಪುಪಲ್ಲಟ 1ರಿಂದ ಸುಮಾರು 8ರವರೆಗೆ ಹೊಳಪು ಹೆಚ್ಚುಕಮ್ಮಿ ಅಷ್ಟೇ.

ಮಸೂರದಿಂದ ಹಿಗ್ಗಿದವುಗಳ ಆಯ್ಕೆ ಸುಲಭ. ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ನಕ್ಷೆಯಲ್ಲಿ 500 ಮೈಕ್ರಾನ್‌ಗೆ 100 ಮಿಲಿಜಾನ್ಸ್ಕಿ (ಹೊಳಪಿನ ಮಾನ) ಮೀರಿದವನ್ನ ಹೆಕ್ಕಿ, ಹತ್ತಿರದ ಸುರುಳಿ ಗೆಲಾಕ್ಸಿಗಳನ್ನೂ ರೇಡಿಯೋದಲ್ಲಿ ಉರಿಯೋ, ನಮ್ಮತ್ತ ಚಿಲುಮೆ ಚಿಮ್ಮೋ ಕಪ್ಪುಕುಳಿ ಗೆಲಾಕ್ಸಿಗಳಾದ ಬ್ಲೇಝಾರ್‌ಗಳನ್ನೂ ತೆಗೆದುಹಾಕಿದ್ರೆ ಉಳಿಯೋದು ಬಹುಪಾಲು ಮಸೂರದವೇ. 2010ರಲ್ಲಿ ನೆಗ್ರೆಲ್ಲೋ ತಂಡ ಹೀಗೆ ಹೆಕ್ಕಿದ ಮೊದಲ ಐದಕ್ಕೆ ಐದೂ ಮಸೂರದವಾಗಿದ್ವು.

ಕೆಂಪುಪಲ್ಲಟದಲ್ಲಿ ಹುಷಾರು. ಎಸ್‌ಪಿಟಿ0418-47 ಅನ್ನೋ ಗೆಲಾಕ್ಸಿ ತಗೋ, ಅದರದ್ದು 4.225. ಕಾರ್ಬನ್ ಮಾನಾಕ್ಸೈಡಿನ 4-3 ರೇಖೆಯ (ತಿರುಗೋ ಅಣು 4ನೇ ಶಕ್ತಿಮಟ್ಟದಿಂದ 3ಕ್ಕೆ ಇಳಿಯುವಾಗ ಹೊರಡೋ ತರಂಗ) ಮೂಲ ಆವರ್ತ 461.04 ಗಿಗಾಹರ್ಟ್ಸ್. ಅದನ್ನ 1 ಕೂಡಿಸಿದ ಕೆಂಪುಪಲ್ಲಟದಿಂದ, ಅಂದ್ರೆ 5.225ರಿಂದ, ಭಾಗಿಸಿದ್ರೆ 88.24. 5-4 ರೇಖೆ 110.29ಕ್ಕೆ ಬೀಳುತ್ತೆ. ಎರಡೂ ಆಲ್ಮಾದ 84–116 ಪಟ್ಟಿಯೊಳಗೇ ಇವೆ, ತಕರಾರಿಲ್ಲ. ಆದ್ರೆ 88.24ರಲ್ಲಿ ಒಂದೇ ರೇಖೆ ಕಂಡ್ರೆ? ಅದು 3-2 ರೇಖೆಯಾಗಿದ್ದು ಕೆಂಪುಪಲ್ಲಟ 2.92 ಇರಬಹುದು. ಆಗ 4-3 ರೇಖೆ 117.6ಕ್ಕೆ, ಪಟ್ಟಿಯ ಆಚೆಗೆ ಬೀಳುತ್ತೆ. ಎರಡನೇ ರೇಖೆ ಸಿಗೋವರೆಗೂ ಕೆಂಪುಪಲ್ಲಟ ಬರೆಯಕೂಡದು.

ಇನ್ನು ಮಸೂರ. ಕಾಲಿರೋ ಗಾಜಿನ ಲೋಟದ ಪಾದವನ್ನ ಗ್ರಾಫ್ ಕಾಗದದ ಮೇಲಿನ ಚುಕ್ಕಿಯ ಮೇಲೆ ಹಿಡಿಸು. ನೇರ ಬಂದ್ರೆ ಉಂಗುರ, ಒಂಚೂರು ಸರಿದ್ರೆ ಎರಡು ಕಮಾನು. ಹೊಳಪಿನ ಸಾಂದ್ರತೆ ಇದ್ದಷ್ಟೇ ಇರುತ್ತೆ, ಹಿಗ್ಗೋದು ವಿಸ್ತೀರ್ಣ. ನಕ್ಷತ್ರಗಳ ವೇಗಹರವು (ಅವುಗಳ ವೇಗ ಒಂದರಿಂದೊಂದು ಎಷ್ಟು ಬೇರೆ ಅನ್ನೋ ಅಳತೆ) ಸೆಕೆಂಡಿಗೆ 250 ಕಿ.ಮೀ. ಇರೋ ಗೆಲಾಕ್ಸಿ ಅಡ್ಡ ನಿಂತ್ರೆ ಉಂಗುರದ ತ್ರಿಜ್ಯ ಹೆಚ್ಚೆಂದ್ರೆ 1.8 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3600ರಲ್ಲೊಂದು ಪಾಲು). ಈ ಮಸೂರಗಳು ಸಾಮಾನ್ಯವಾಗಿ ಧೂಳು ಕಮ್ಮಿ ಇರೋ ದೀರ್ಘವೃತ್ತ ಗೆಲಾಕ್ಸಿಗಳು, ಆಲ್ಮಾ ಚಿತ್ರದಲ್ಲಿ ಅಡ್ಡ ಬರಲ್ಲ. ಹಬಲ್ ಚಿತ್ರದಲ್ಲಿ ಉಲ್ಟಾ, ಅದರ ಬೆಳಕನ್ನೇ ಮೊದಲು ಕಳೆಯಬೇಕು.

ನಿಜವಾದ ತಾಪತ್ರಯ ಕಂಡ ಉಂಗುರಕ್ಕೆ ಗಣಿತದ ಮಾದರಿ ಕೂರಿಸೋದ್ರಲ್ಲಿ. ಮಸೂರಕ್ಕೆ ಏಳು ಸಂಖ್ಯೆ ಸಾಕು: ಕೇಂದ್ರಕ್ಕೆ ಎರಡು, ತ್ರಿಜ್ಯ, ಚಪ್ಪಟೆತನ, ಕೋನ, ಹೊರಗಿನ ಎಳೆತಕ್ಕೆ ಎರಡು. ಹುಡುಗರು ಅವಸರಕ್ಕೆ ಮೂಲ ಗೆಲಾಕ್ಸಿಯನ್ನ ಮೊದಲೇ ಪಿಕ್ಸೆಲ್‌ಗಳಾಗಿ ಬಿಡಿಸಿಬಿಡ್ತಾರೆ. ಆಗ ಪ್ರೋಗ್ರಾಂ ಜಾಣತನ ಮಾಡಿ, ಮಸೂರದ ತೂಕವನ್ನ ಸೊನ್ನೆ ಹತ್ತಿರ ಇಟ್ಟು, ‘ಮೂಲವೇ ಉಂಗುರದ ಆಕಾರದ್ದು’ ಅಂತ ಉತ್ತರ ಕೊಡುತ್ತೆ. ದತ್ತಾಂಶಕ್ಕೆ ಚೆನ್ನಾಗೇ ಹೊಂದುತ್ತೆ, ಅದೇ ಕಷ್ಟ! ಮೊದಲು ಸರ್ಸಿಕ್ ರೂಪದ (ನಡುವೆ ಹೊಳೆದು ಅಂಚಿಗೆ ಮಂಕಾಗೋ) ಸಾದಾ ಮೂಲ ಹಾಕಿ ಮಸೂರ ನಿಲ್ಲಿಸಿ, ಆಮೇಲೆ ಪಿಕ್ಸೆಲ್ ಬಳಸಲಿ. ಅಳತೆಗಳಿಂದ ‘ಕ್ಲೀನ್’ ಅನ್ನೋ ವಿಧಾನದಲ್ಲಿ ಮಾಡಿದ ಚಿತ್ರಕ್ಕೆ ಮಾದರಿ ಹೊಂದಿಸೋದೂ ಬೇಡ. ಅದರಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಗದ್ದಲ ಒಂದಕ್ಕೊಂದು ಅಂಟಿಕೊಂಡಿರೋದ್ರಿಂದ ದೋಷದ ಅಂದಾಜು ಸುಳ್ಳಾಗುತ್ತೆ. ಆಂಟೆನಾ ಜೋಡಿಗಳ ಮೂಲ ಅಳತೆಗೇ ಹೊಂದಿಸಿ.

ವರ್ಧನೆ, ಅಂದ್ರೆ ಮಸೂರ ಎಷ್ಟು ಪಟ್ಟು ಹಿಗ್ಗಿಸಿತು ಅನ್ನೋದು, 10 ಅಂತ ಬಂತು ಅನ್ನು. ಎಲ್ಲವನ್ನೂ 10ರಿಂದ ಭಾಗಿಸಿ ಕೈತೊಳ್ಕೊಳ್ಳೋ ಹಾಗಿಲ್ಲ. ಧೂಳಿನ ಸಣ್ಣ ಗಂಟು ಕಾಸ್ಟಿಕ್ (ವರ್ಧನೆ ಅತಿ ಹೆಚ್ಚಿರೋ ಗೆರೆ) ಪಕ್ಕ ಬಿದ್ದು 10 ಪಟ್ಟು ಹಿಗ್ಗಿದ್ರೆ, ಹರಡಿಕೊಂಡ ಅನಿಲದ ತಟ್ಟೆ 5 ಪಟ್ಟಷ್ಟೇ ಹಿಗ್ಗಿರಬಹುದು. ಧೂಳಿಗೂ ಅನಿಲಕ್ಕೂ ಬೇರೆ ಬೇರೆ ವರ್ಧನೆ ತೆಗೀಬೇಕು, ಇಲ್ಲವಾದ್ರೆ ಅವೆರಡರ ಅನುಪಾತ ಹಾಳು.

ಇನ್ನೊಂದು, ದತ್ತಾಂಶದ ಜೊತೆ ಬರೋ ಸ್ಕ್ರಿಪ್ಟ್ ಕಾಸಾ ಅನ್ನೋ ತಂತ್ರಾಂಶದ ಯಾವ ಆವೃತ್ತಿಗೆ ಬರೆದದ್ದೋ ಅದನ್ನೇ ಹಾಕಿಕೊಳ್ಳಿ, ಬೇರೆಯದರಲ್ಲಿ ಅರ್ಧಕ್ಕೇ ನಿಲ್ಲಬಹುದು. ಉಂಗುರ ಬಂದಾಗ ಚಿತ್ರ ಕಳಿಸು.

ಇಂತಿ ನಿನ್ನ ಗೆಳೆಯ