ಸಕ್ಕರೆ ಪ್ರಮಾಣವನ್ನಷ್ಟೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಮಧುಮೇಹ ಅಧ್ಯಯನದ 2023ರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹುಪಾಲು ಜನರದು ಎರಡನೇ ವಿಧದ ಮಧುಮೇಹ. ತಾಲ್ಲೂಕು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ನಾನು ಕಂಡಂತೆ, ಖಾಲಿ ಹೊಟ್ಟೆಯ ಹಾಗೂ ಊಟದ ನಂತರದ ರಕ್ತಪರೀಕ್ಷೆಗೆ ತಪ್ಪದೆ ಬರುವವರಲ್ಲೂ ಮೂತ್ರಪಿಂಡದ ಹಾನಿಯನ್ನು ತೋರುವ ಮೂತ್ರದ ಆಲ್ಬುಮಿನ್ (ಒಂದು ಬಗೆಯ ಪ್ರೋಟೀನ್) ಪರೀಕ್ಷೆಗೆ ಚೀಟಿ ತರುವವರು ವಿರಳ. ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ, ರೆಟಿನಾ) ತಪಾಸಣೆ ಮಾಡಿಸಿಕೊಂಡವರು ಇನ್ನೂ ವಿರಳ.

ಮಧುಮೇಹದಿಂದ ಮೂತ್ರಪಿಂಡ ಮತ್ತು ಅಕ್ಷಿಪಟಲ ಎರಡರಲ್ಲೂ ಹಾನಿಗೊಳಗಾಗುವುದು ಅತಿ ಸೂಕ್ಷ್ಮ ರಕ್ತನಾಳಗಳು. ಮೊದಮೊದಲು ನೋವಿಲ್ಲ, ಊತವಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ಎರಡನೇ ವಿಧದ ಮಧುಮೇಹವು ಪತ್ತೆಯಾಗುವ ಮೊದಲೇ ಕೆಲವು ವರ್ಷ ದೇಹದಲ್ಲಿ ಸದ್ದಿಲ್ಲದೆ ಇದ್ದಿರಬಹುದಾದ್ದರಿಂದ, ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ನಂತರ ವರ್ಷಕ್ಕೊಮ್ಮೆ ಈ ಎರಡೂ ಪರೀಕ್ಷೆಗಳು ನಡೆಯಬೇಕು. ‘ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ಸರಿಯಾಗಿದೆ, ಕಿಡ್ನಿಗೆ ಏನೂ ಆಗಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ ಮಂದಿ. ಆದರೆ ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಕುಂದುವವರೆಗೂ ಆ ಸಂಖ್ಯೆ ಸಹಜ ಮಿತಿಯಲ್ಲೇ ಉಳಿಯಬಹುದು. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಬುಮಿನ್ ಇದ್ದು, ಜ್ವರ, ಸೋಂಕು ಇಲ್ಲದಿರುವಾಗ ಮರುಪರೀಕ್ಷೆಯಲ್ಲೂ ಅದೇ ಕಂಡರೆ, ಅದು ತೊಂದರೆಯ ಮೊದಲ ಸುಳಿವು. ಆ ಹಂತದಲ್ಲಿ ರಕ್ತದೊತ್ತಡವನ್ನು ಹತೋಟಿಗೆ ತಂದು, ವೈದ್ಯರು ಸೂಚಿಸಿದ ಔಷಧಿ ತೆಗೆದುಕೊಂಡರೆ ಹಾನಿಯ ವೇಗವನ್ನು ಬಹುಮಟ್ಟಿಗೆ ತಗ್ಗಿಸಬಹುದು. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ನೇರವಾಗಿ ಮಾತ್ರೆ ಕೊಂಡು ತಿಂಗಳುಗಟ್ಟಲೆ ನುಂಗುವ ಅಭ್ಯಾಸವಂತೂ ಇಂಥವರ ಮೂತ್ರಪಿಂಡಕ್ಕೆ ಬಹಳ ಅಪಾಯಕಾರಿ.

ಕಣ್ಣಿನ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಕನ್ನಡಕದ ನಂಬರ್ ನೋಡಿಸಿಕೊಂಡರೆ ಕಣ್ಣಿನ ಪರೀಕ್ಷೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಅಕ್ಷಿಪಟಲವನ್ನು ಸರಿಯಾಗಿ ನೋಡಲು ಸಾಮಾನ್ಯವಾಗಿ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಬೇಕು; ಕೆಲವು ಗಂಟೆ ದೃಷ್ಟಿ ಮಸುಕಾಗುವುದರಿಂದ ಜೊತೆಗೊಬ್ಬರು ಬರುವುದು ಒಳ್ಳೆಯದು. ಸಕಾಲದಲ್ಲಿ ಗೊತ್ತಾದರೆ ಲೇಸರ್ ಅಥವಾ ಕಣ್ಣಿನೊಳಗೆ ನೀಡುವ ಚುಚ್ಚುಮದ್ದಿನಿಂದ ಬಹುತೇಕರ ದೃಷ್ಟಿಯನ್ನು ಉಳಿಸಬಹುದು. ಒಮ್ಮೆ ಪೂರ್ತಿ ಕಳೆದುಹೋದ ದೃಷ್ಟಿಯನ್ನು ಮರಳಿ ತರುವುದು ಹೆಚ್ಚಿನವರಲ್ಲಿ ಸಾಧ್ಯವಾಗುವುದಿಲ್ಲ.

ಡಯಾಲಿಸಿಸ್ ಹಂತ ತಲುಪಿದವರು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಬಾರಿ ಆಸ್ಪತ್ರೆಗೆ ಅಲೆಯಬೇಕು. ಕೂಲಿಯನ್ನೇ ನಂಬಿದ ಮನೆಗೆ ಚಿಕಿತ್ಸೆ ಉಚಿತವಾದರೂ ಬಸ್ ಖರ್ಚು ಮತ್ತು ಕಳೆದುಕೊಂಡ ದುಡಿಮೆಯೇ ದೊಡ್ಡ ಹೊರೆ. ಆದ್ದರಿಂದ ಆರೋಗ್ಯ ಇಲಾಖೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹದ ಮಾತ್ರೆ ಪಡೆಯುವ ಪ್ರತಿಯೊಬ್ಬರ ಪುಸ್ತಕದಲ್ಲೂ ಈ ಎರಡು ಪರೀಕ್ಷೆಗಳ ದಿನಾಂಕ ಮತ್ತು ಫಲಿತಾಂಶ ಬರೆಯುವುದನ್ನು ಕಡ್ಡಾಯಗೊಳಿಸಬೇಕು. ನೇತ್ರತಜ್ಞರಿಲ್ಲದ ಕಡೆ ತರಬೇತಿ ಪಡೆದ ಸಿಬ್ಬಂದಿಯೇ ಅಕ್ಷಿಪಟಲದ ಚಿತ್ರ ತೆಗೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಬಹುದು. ತಜ್ಞರ ವರದಿ ಅದೇ ಕೇಂದ್ರಕ್ಕೆ ಮರಳಿ ಬಂದು, ಮುಂದಿನ ಬಾರಿ ಮಾತ್ರೆ ಪಡೆಯಲು ಬಂದಾಗ ರೋಗಿಗೆ ಅದನ್ನು ಓದಿ ಹೇಳುವ ಹೊಣೆ ಯಾರದೆಂಬುದನ್ನೂ ಆದೇಶದಲ್ಲೇ ನಮೂದಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ತುಮಕೂರು ಜಿಲ್ಲೆ