ಉಬ್ಬು ಗಾಜಿಗೆ ಚಿನ್ನ ಹಾಕುವ ಮುಂಚೆ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯಕುಶಲೋಪರಿ.

ಉಬ್ಬು ಗಾಜಿನ ಮೇಲೆ ನೀನು ಮಾಡಿದ ಚಿನ್ನದ ಅಕ್ಷರಗಳ ಫೋಟೋ ನೋಡಿದೆ. ಗಾಜಿನ ಅಂಚಿನಲ್ಲಿ ವಿನೈಲ್ (ಅಂಟಿರುವ ಪ್ಲಾಸ್ಟಿಕ್ ಹಾಳೆ) ಸುಕ್ಕಾಗಿದೆ, ಸುಕ್ಕಿನ ಕೆಳಗೆ ಬಣ್ಣ ನುಗ್ಗಿದೆ. ಮಾಸ್ಕ್, ಅಂದರೆ ಬಣ್ಣ ತಾಗದಂತೆ ಮುಚ್ಚಲು ಅಂಟಿಸಿದ ಆ ವಿನೈಲ್, ಎಳೆದಾಗ ಚಿನ್ನದ ರೇಕೂ (ತೀರಾ ತೆಳುವಾದ ಚಿನ್ನದ ಹಾಳೆಯೂ) ಅದರ ಜೊತೆಗೇ ಎದ್ದು ಬಂದಿದೆ. ಬೇಜಾರು ಮಾಡ್ಕೋಬೇಡ, ನಿನ್ನ ಕೈ ಚೆನ್ನಾಗಿಯೇ ಇದೆ. ಚಪ್ಪಟೆ ಗಾಜಿಗೆ ಕಲಿತ ಕ್ರಮವನ್ನೇ ಇಲ್ಲೂ ಹಿಡಿದಿದ್ದೀಯ, ಅಷ್ಟೇ. ಉಬ್ಬು ಗಾಜಿಗೆ ಮಾಸ್ಕನ್ನು ಚಿಕ್ಕ ಚಿಕ್ಕ ತುಂಡು ಮಾಡಬೇಕು. ಮಾಸ್ಕಿನ ಕೆಲಸ ಬಣ್ಣದ ಹಂತದಲ್ಲೇ ಮುಗಿಯಬೇಕು. ಚಿನ್ನದ ಹತ್ತಿರ ಅಂಟು ಹಾಳೆ ಸುಳಿಯಲೇಬಾರದು.

ಮೊದಲು ಗಾಜು ಹೇಗೆ ಬಾಗಿದೆ ನೋಡು. ಕೊಳವೆಯ ಹಾಗೆ ಒಂದೇ ಕಡೆಗೆ ಬಾಗಿದ್ದರೆ ಚಿಂತೆಯಿಲ್ಲ, ಹಾಳೆ ಸುಮ್ನೆ ಸುತ್ತಿಕೊಳ್ಳುತ್ತದೆ. ಒಂದು ತುದಿ ಅಗಲ, ಇನ್ನೊಂದು ಕಿರಿದಾದ ಗಾಜಾದರೆ ಅಕ್ಷರದ ಸಾಲನ್ನು ಕಂಪ್ಯೂಟರಿನಲ್ಲೇ ಕಮಾನಿನಂತೆ ಬಾಗಿಸಿ ಕತ್ತರಿಸಬೇಕು. ಆಗ ಗಾಜಿನ ಮೇಲೆ ಅದು ನೇರವಾಗಿ ಕಾಣುತ್ತದೆ. ನಿನ್ನದು ಎಲ್ಲ ಕಡೆಗೂ ಬಾಗಿರುವ ಗುಮ್ಮಟದ ಗಾಜು. ಇದೇ ಕಷ್ಟದ್ದು.

ಲೆಕ್ಕ ಹಾಕಿದರೆ ಯಾಕೆ ಅಂತ ಗೊತ್ತಾಗುತ್ತದೆ. 30 ಸೆಂ.ಮೀ. ಅಗಲದ, ನಡುವೆ 3 ಸೆಂ.ಮೀ. ಎದ್ದಿರುವ ಗಾಜು ಅಂದುಕೋ. ಅದನ್ನು ಪೂರ್ತಿ ಮುಚ್ಚುವ ದುಂಡು ಹಾಳೆಯ ಅಂಚಿನ ಸುತ್ತಳತೆ ಸುಮಾರು 96.7 ಸೆಂ.ಮೀ. ಗಾಜಿನ ಅಂಚಿನ ಸುತ್ತಳತೆ 94.2 ಮಾತ್ರ. ಹೆಚ್ಚಾದ ಆ 2.5 ಸೆಂ.ಮೀ. ಎಲ್ಲಿಗೆ ಹೋಗಬೇಕು? ಅದೇ ಸುಕ್ಕಾಗಿ ನಿಲ್ಲುತ್ತದೆ. ಆದರೆ ನಡುವಿನಿಂದ 5 ಸೆಂ.ಮೀ. ದೂರದಲ್ಲಿ ಈ ವ್ಯತ್ಯಾಸ 1 ಮಿ.ಮೀ. ಕೂಡ ಇಲ್ಲ. ಹಾಗಾಗಿ ನಡುವಿನ ಚಿತ್ರಕ್ಕೆ ಒಂದೇ ತುಂಡು ಸಾಕು. ಅಂಚಿನ ಅಕ್ಷರಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ಕತ್ತರಿಸು. 

ಹೇರ್ ಡ್ರೈಯರ್ ಹಿಡಿದು ವಿನೈಲನ್ನು ಎಳೆದು ಕೂರಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬೇಡ ಮಗಳೇ. ಬಿಸಿಯಲ್ಲಿ ಎಳೆದ ಹಾಳೆ ಆರಿದ ಮೇಲೆ ತನ್ನ ಹಳೇ ಅಳತೆಗೆ ಮರಳಲು ನೋಡುತ್ತದೆ. ಅಂಚು ಏಳುತ್ತದೆ, ಅಕ್ಷರದ ಆಕಾರವೂ ಕೆಡುತ್ತದೆ. ಬೋರ್ಡಿಗೆ ಅಂಟಿಸುವ ಗಟ್ಟಿ ವಿನೈಲ್ ಬಿಟ್ಟು ಸ್ಟೆನ್ಸಿಲ್‌ಗೆಂದೇ ಬರುವ ಮೆತ್ತಗಿನ, ಅಂಟು ಕಮ್ಮಿ ಇರುವ ಹಾಳೆ ತಗೋ. ಪ್ಲಾಟರಿನ (ಕಂಪ್ಯೂಟರಿನ ಚಿತ್ರದಂತೆ ಹಾಳೆ ಕತ್ತರಿಸುವ ಯಂತ್ರದ) ಬ್ಲೇಡ್ ವಿನೈಲನ್ನಷ್ಟೇ ಸೀಳಬೇಕು, ಕೆಳಗಿನ ಕಾಗದವನ್ನಲ್ಲ. ಗಾಜಿನ ಮೇಲೆ ಇಟ್ಟು ಚಾಕುವಿನಿಂದ ಯಾವತ್ತೂ ಕತ್ತರಿಸಬೇಡ. ಆ ಗೀರು ಮುಂದಿನಿಂದ ಕಾಣುತ್ತದೆ, ಮುಂದೊಂದು ದಿನ ಗಾಜು ಅಲ್ಲಿಂದಲೇ ಸೀಳಬಹುದು.

ನೀನು ಕೆಲಸ ಮಾಡುವುದು ಗಾಜಿನ ಹಿಂಬದಿಗೆ, ಅಂದರೆ ಒಳಗುಳಿಗೆ (ತಗ್ಗಾದ ಒಳಮೈಗೆ). ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕತ್ತರಿಸಲು ಮರೆಯಬೇಡ. ಗಾಜಿನ ಮುಂಬದಿಯಲ್ಲಿ ಗಾಜಿಗೆ ಬರೆಯುವ ಪೆನ್ಸಿಲಿನಿಂದ ಸಾಲು ಎಳೆದುಕೊಂಡರೆ ಒಳಗಿನಿಂದ ಕಾಣುತ್ತದೆ, ಅದರ ಮೇಲೆ ತುಂಡುಗಳನ್ನು ಕೂರಿಸಬಹುದು. ತುಂಡಿನ ನಡುವಿನಿಂದ ಹೊರಗೆ ಒತ್ತುತ್ತಾ ಬಾ. ಒಳಗುಳಿಯಲ್ಲಿ ಹಾಳೆ ಗಾಜಿಗೆ ತಾಗದೆ ಡೇರೆಯಂತೆ ನಿಂತುಬಿಡುತ್ತದೆ. ಮುಂಬದಿಯಿಂದ ಬೆಳಕಿಗೆ ಹಿಡಿದು ನೋಡಿದರೆ ಬಿಳಿಚಿದ ಜಾಗವೆಲ್ಲ ತಾಗದ ಜಾಗ. ಗುಳ್ಳೆಯಿದ್ದರೆ ಮುಚ್ಚಬೇಕಾದ ಭಾಗದ ನಡುವೆ ಸೂಜಿ ಚುಚ್ಚಿ ಒತ್ತು, ಅಂಚಿನ ಹತ್ತಿರ ಮಾತ್ರ ಚುಚ್ಚಬೇಡ.

ಈಗ ಮುಖ್ಯ ಮಾತಿಗೆ ಬರ್ತೀನಿ. ಗಾಜಿನ ಹಿಂದೆ ಮೊದಲು ಹಚ್ಚಿದ್ದೇ ಮುಂದೆ ಕಾಣುವುದು, ಅಲ್ವಾ? ಇದನ್ನೇ ಉಪಯೋಗಿಸಿಕೋ. ವಿನೈಲನ್ನು ಅಕ್ಷರದ ಜಾಗದಲ್ಲಿ ಉಳಿಸಿ, ಸುತ್ತಲಿನ ಹಿನ್ನೆಲೆಗೆ ಎನಾಮೆಲ್ ಬಣ್ಣ ಹಚ್ಚು. ಮಾಸ್ಕ್ ತೆಗೆದರೆ ಅಕ್ಷರದ ಜಾಗ ಬರೀ ಗಾಜಾಗಿ ಉಳಿಯುತ್ತದೆ. ಆಮೇಲೆ ಅದರ ಹಿಂದೆ ಧಾರಾಳವಾಗಿ ಚಿನ್ನ ಹಾಕು. ಬಣ್ಣದ ಹಿಂದೆ ಬಿದ್ದ ಚಿನ್ನ ಮುಂದಿನಿಂದ ಕಾಣುವುದೇ ಇಲ್ಲ. ಅಕ್ಷರದ ಅಂಚನ್ನು ತೀರ್ಮಾನಿಸುವುದು ಬಣ್ಣ, ಚಿನ್ನ ಅಲ್ಲ. ಅಷ್ಟು ತೆಳು ರೇಕಿನ ಮೇಲೆ ಅಂಟು ಹಾಳೆ ಒತ್ತುವ ಪ್ರಮೇಯವೇ ಬರುವುದಿಲ್ಲ.

ಬಣ್ಣ ತೆಳ್ಳಗಿರಲಿ. ದಪ್ಪವಾದರೆ ಅಂಚಿನಲ್ಲಿ ದಿಣ್ಣೆ ಏಳುತ್ತದೆ, ರೇಕು ಅದನ್ನು ಹತ್ತಿ ಇಳಿಯುವಾಗ ಹರಿದುಹೋಗುತ್ತದೆ. ಬ್ರಷ್ಷನ್ನು ಮಾಸ್ಕಿನ ಮೇಲಿಂದ ಗಾಜಿನ ಕಡೆಗೆ ಎಳೆ. ಉಲ್ಟಾ ಎಳೆದರೆ ಬಣ್ಣ ಹಾಳೆಯ ಅಡಿಗೆ ನುಗ್ಗುತ್ತದೆ. ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಮಾಸ್ಕನ್ನು ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆ. ಆಮೇಲೆ ಬಣ್ಣ ಚೆನ್ನಾಗಿ ಒಣಗಲಿ, ಅವಸರ ಬೇಡ.

ಅಕ್ಷರದ ಜಾಗದಲ್ಲಿ ವಿನೈಲಿನ ಅಂಟು ಕಣ್ಣಿಗೆ ಕಾಣದಷ್ಟು ಉಳಿದಿರುತ್ತದೆ. ಅದನ್ನು ಬಿಟ್ಟರೆ ಚಿನ್ನದಲ್ಲಿ ಮಸುಕು ಕಲೆ ಗ್ಯಾರಂಟಿ. ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಒದ್ದೆ ಹತ್ತಿಯಲ್ಲಿ ತೆಗೆದುಕೊಂಡು, ಬಣ್ಣಕ್ಕೆ ತಾಗದಂತೆ ಉಜ್ಜು. ನೀರು ಹನಿಗಟ್ಟದೆ ಒಂದೇ ಸಮನೆ ಹರಡಿದರೆ ಗಾಜು ಶುದ್ಧವಾಗಿದೆ ಅಂತ ಅರ್ಥ.

ಚಿನ್ನಕ್ಕೆ ಅಂಟು ಅಂದರೆ ಜೆಲಟಿನ್ ನೀರು. ಖಾಲಿ ಜೆಲಟಿನ್ ಕ್ಯಾಪ್ಸೂಲ್ ಒಂದನ್ನು ಸ್ವಲ್ಪ ಬಿಸಿ ನೀರಲ್ಲಿ ಕರಗಿಸಿ, ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಆಗುವಷ್ಟು ಸೇರಿಸಿ ಸೋಸು. ಜಾಸ್ತಿಯಾದರೆ ಚಿನ್ನ ಮಂಕಾಗುತ್ತದೆ, ಕಮ್ಮಿಯಾದರೆ ಉದುರುತ್ತದೆ. ಒಳಗುಳಿಯ ತಳದಲ್ಲಿ ಈ ನೀರು ನಿಲ್ಲಬಾರದು. ಗಾಜನ್ನು ಓರೆಯಾಗಿ ನಿಲ್ಲಿಸು, ಕಡಿದಾಗಿ ನಿಂತ ಭಾಗಕ್ಕಷ್ಟೇ ರೇಕು ಹಾಕು, ಆರಿದ ಮೇಲೆ ತಿರುಗಿಸಿ ಮುಂದಿನ ಭಾಗ. ಇಡೀ ರೇಕೂ ವಿನೈಲಿನ ಹಾಗೇ ಸುಕ್ಕಾಗುತ್ತದೆ, ಅದಕ್ಕೇ ಕಾಲು ತುಂಡು ಮಾಡಿಕೋ. ಚಪ್ಪಟೆ ಬ್ರಷ್ಷನ್ನು ಕೆನ್ನೆಗೆ ಒಮ್ಮೆ ಸವರಿದರೆ ಬರುವ ಜಿಡ್ಡೇ ರೇಕನ್ನು ಎತ್ತಲು ಸಾಕು. ಒದ್ದೆ ಗಾಜಿನ ಹತ್ತಿರ ಹೋದ ಕೂಡಲೇ ಅದು ತಾನಾಗಿ ಹಾರಿ ಕೂರುತ್ತದೆ. ಮೊದಲಿಗೆ ಮಂಕಾಗಿ ಕಾಣುತ್ತದೆ, ನೀರು ಆರುತ್ತಾ ಆರುತ್ತಾ ಕನ್ನಡಿಯ ಹೊಳಪು ಬರುತ್ತದೆ. ಅದನ್ನು ಹತ್ತಿರ ಕೂತು ನೋಡು, ನನಗೆ ಈ ಕೆಲಸದಲ್ಲಿ ಅದಕ್ಕಿಂತ ಇಷ್ಟವಾದ ಗಳಿಗೆ ಇಲ್ಲ.

ಬಿರುಕು, ತೂತು ಇದ್ದೇ ಇರುತ್ತವೆ. ಎರಡನೇ ಸಲ ರೇಕು ಹಾಕಿದರೆ ಮುಚ್ಚುತ್ತವೆ. ಅದು ಒಣಗಿದ ಮೇಲೆ ಅಕ್ಷರಕ್ಕಿಂತ 2-3 ಮಿ.ಮೀ. ಅಗಲವಾಗಿ ಎಣ್ಣೆ ಬಣ್ಣದ ಲೇಪ ಕೊಡು. ಇಲ್ಲದಿದ್ದರೆ ಬೆರಳು ತಾಗಿದರೂ ಚಿನ್ನ ಹೋಗುತ್ತದೆ. ಲೇಪದ ಆಚೆಗೆ ಉಳಿದದ್ದನ್ನು ಒದ್ದೆ ಹತ್ತಿಯಿಂದ ಒರೆಸಿಬಿಡು.

ದೊಡ್ಡ ಗಾಜಿಗೆ ಈಗಲೇ ಕೈ ಹಾಕಬೇಡ. ಇದೇ ಬಾಗಿನ ಚಿಕ್ಕ ಗಾಜಿನ ಮೇಲೆ ಎರಡೇ ಎರಡು ಅಕ್ಷರ ಮಾಡು. ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆದು ಕಳಿಸು. ಬಣ್ಣದ ಅಂಚು ಹೇಗೆ ಬಂದಿದೆ ಅಂತ ನೋಡಿ ಮುಂದಿನದನ್ನು ಬರೀತೀನಿ.

ಇಂತಿ,
ನಿನ್ನ ಪ್ರೀತಿಯ ಮಾವ